ಬೋಲ್ಟಿನ ಮೇಲಿನ ಹಳದಿ ಗೆರೆ

ಎಲ್ರಾಯ್,

ಈ ಕಾಗದ ನಿನಗೆ ತಲುಪುವುದಿಲ್ಲ. ಆದರೂ ನಾವಿಬ್ಬರೂ ದುಡಿದ ಗ್ಯಾರೇಜಿನ ಸುದ್ದಿ ಹೇಳುತ್ತೇನೆ.

ಬಟ್ಟೆ ಅಂಗಡಿಯ ಝಕರಿಯಾಕ ಇವತ್ತು ತಮ್ಮ ಹಳೆಯ ಮಸ್ಟಾಂಗ್ ಕಾರು ತಂದಿದ್ದರು. "ಹಿಶಾಮ್, ಇದನ್ನು ಕೊಟ್ಟು ಇದರದ್ದೇ ಸ್ಪೆಷಲ್ ಎಡಿಷನ್ ತೆಗೊಂಡ್ರೆ ಹೇಗೆ ಮಾರಾಯ? ಇಂಜಿನ್ ಟ್ಯೂನ್ ಮಾಡಿದವನ ಸಹಿಯೇ ಉಂಟು ಡ್ಯಾಶ್‌ಬೋರ್ಡಿನಲ್ಲಿ. ಆದ್ರೆ ಅಷ್ಟು ಹೆಚ್ಚು ಕೊಡುವಂಥದ್ದು ಎಂತ ಉಂಟು ಅದರಲ್ಲಿ?"

"ಬ್ರೇಕಿಗೆ, ಸಸ್ಪೆನ್ಷನ್ನಿಗೆ ಕೊಡಬಹುದು. ಸಹಿಗೆ ಕೊಡ್ಬೇಡಿ" ಎಂದೆ. ನೀನು ಹೇಳುತ್ತಿದ್ದ ಮಾತೇ. ಆಗ ನಾನು ಒಪ್ಪಿರಲಿಲ್ಲ.

ಬಾನೆಟ್ ಎತ್ತಿದೆ. ಬೋಲ್ಟ್ ಸಡಿಲವಾದರೆ ತಿಳಿಯಲೆಂದು ನೀನು ಎಳೆದಿದ್ದ ಹಳದಿ ಗೆರೆಗಳು ಇನ್ನೂ ಇದ್ದವು. ನೀನು ಸೌದಿಯ ಈ ಖಫ್ಜಿ ಊರು ಬಿಟ್ಟು ಎಷ್ಟೋ ಬೇಸಿಗೆ ಕಳೆದರೂ ಒಂದೂ ಜರುಗಿರಲಿಲ್ಲ.

"ಇದು ಯಾರ ಕೆಲಸ?" ಝಕರಿಯಾಕ ಕೇಳಿದರು.

"ಮೊದಲು ಇಲ್ಲಿ ಒಬ್ಬರಿದ್ದರು" ಎಂದೆ.

ಅವರು ಹೋದ ಮೇಲೆ ಇಂಜಿನ್ನಿನ ಎಣ್ಣೆ ಜಿಡ್ಡನ್ನೆಲ್ಲ ಒರೆಸಿದೆ. ಗೆರೆಗಳ ಮೇಲೆ ಮಾತ್ರ ಬಟ್ಟೆ ತಾಗಿಸಲಿಲ್ಲ.