ಹುಳು ಹಣ್ಣಾದ ದಿನ ಕೂಗಿದ ಹೆಸರು

ಅಕ್ಕೂರು
14 ನವೆಂಬರ್ 2025

ನನ್ನ ಮುದ್ದು ಭಾನು,

ಹೇಗಿದ್ದೀಯೆ? ಕೆಮ್ಮು ಇಳಿಯಿತೇ? ಊಟ ಸೇರುತ್ತಿದೆಯೇ? ನೀನು ಫೋನ್ ಆಫ್ ಮಾಡಿ ತಿಂಗಳು ಮೀರಿತು. ಮಾಗಡಿಯ ನಿನ್ನ ರೂಮಿಗೂ ಬೀಗ. ಕೊನೆಗೆ ನಿನ್ನ ಸ್ನೇಹಿತೆ ಯಾಸ್ಮಿನ್, ನೀನು ತನ್ನ ಮನೆಯಲ್ಲೇ ಇದ್ದೀಯೆಂದು ಒಪ್ಪಿಕೊಂಡು, ಕಾಗದ ಬರೆದರೆ ಕೊಡುತ್ತೇನೆಂದಳು. ಇನ್ನೊಂದನ್ನೂ ಹೇಳಿದಳು: ನೀನು ಟಿ.ಬಿ. ಮಾತ್ರೆ ನಿಲ್ಲಿಸಿದ್ದೀಯಂತೆ. "ಮಾತ್ರೆ ನುಂಗೋ ತನಕ ಸರ್ಕಾರದವರ ಪಟ್ಟಿಯಲ್ಲಿರಬೇಕು, ನಂಗೆ ಬೇಡ" ಎಂದೆಯಂತೆ. ಆರು ತಿಂಗಳ ಮಾತ್ರೆಯನ್ನು ಎರಡನೇ ತಿಂಗಳಲ್ಲೇ ಬಿಟ್ಟರೆ ಏನಾಗುತ್ತದೆಂದು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನಿನಗೆ ನಾನು ಹೇಳಬೇಕೆ?

ನಿನ್ನ ಸಿಟ್ಟು ನನಗೆ ಗೊತ್ತು. ನಿನ್ನ ಹೆಸರು ಕೂಗಿದ ದಿನ ಎದುರಿಗಿದ್ದವಳು ನಾನೇ. ರೇಷ್ಮೆ ಹುಳು ಹಣ್ಣಾಗಿ ನೂಲು ಬಿಡಲು ಶುರುಮಾಡಿತ್ತು. ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದು ತಡವಾದರೆ ನೂಲೆಲ್ಲ ತಟ್ಟೆಯಲ್ಲೇ ಹಾಳು. ಅದಕ್ಕೇ ಬೀದಿಯವರೆಲ್ಲ ಒಬ್ಬರ ಕೆಲಸಕ್ಕೊಬ್ಬರು ಒದಗುವ ಮುಯ್ಯಾಳಾಗಿ ಬಂದಿದ್ದರು. ಆಗ ಆರೋಗ್ಯ ಸಿಬ್ಬಂದಿಯೊಬ್ಬ ಬಾಗಿಲಲ್ಲಿ ನಿಂತು, ಮೊಬೈಲ್ ನೋಡುತ್ತ ಕೂಗಿದ: "ಭಾನುಪ್ರಿಯ ಅನ್ನೋ ಟಿ.ಬಿ. ಪೇಷೆಂಟ್ ಮನೆ ಇದೇನಾ? ಮನೇರೆಲ್ಲ ಕಫ ಕೊಡ್ಬೇಕು." ಆಧಾರ್‌ನಲ್ಲಿ ನೀನಿನ್ನೂ ಅಕ್ಕೂರಿನವಳೇ ತಾನೆ! ಪಕ್ಕದ ಮನೆ ಸಿದ್ದಮ್ಮ ಕೈಯಲ್ಲಿದ್ದ ಹುಳುವನ್ನು ತಟ್ಟೆಗೆ ಬಿಟ್ಟು ಎದ್ದಳು. "ಬತ್ತೀನಿ ಕಣವ್ವ. ನಮ್ಮನೇಲೂ ಹುಳ ಐತೆ, ತಗುಲ್‌ಬುಟ್ರೆ?" "ಹುಳಕ್ಕೇನು ಶ್ವಾಸಕೋಶ ಐತಾ ಸಿದ್ದಮ್ಮ?" ಎಂದೆ. ಯಾರೂ ನಗಲಿಲ್ಲ. ಹತ್ತು ನಿಮಿಷದಲ್ಲಿ ಹುಳುಮನೆಯಲ್ಲಿ ಉಳಿದವರು ನಾನು, ನಿಮ್ಮ ಭಾವ. ಸಂಜೆಯೊಳಗೆ ಯಾರದೋ ಫೋನಿನಿಂದ ಸುದ್ದಿ ನಿನ್ನ ಶಾಲೆ ಮುಟ್ಟಿತು. ಮಾರನೆಯ ದಿನ ಶಾಲೆಯವರು "ಒಸಿ ದಿನ ರೆಸ್ಟ್ ತಗೊಳಿ ಮಿಸ್" ಎಂದರು.

ನಾನು ಸುಮ್ಮನೆ ಕೂತಿಲ್ಲ. ಮೊದಲು ರಾಮನಗರದ ನಿನ್ನ ಡಾಕ್ಟರ ಮೇಲೆ ಹರಿಹಾಯ್ದೆ. ಅವರೇನು ಮಾಡಿಯಾರು? ಖಾಸಗಿಯವರೂ ಟಿ.ಬಿ. ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕಂತೆ. "ಮುಚ್ಚಿಟ್ರೆ ನನ್ ಮೇಲೇ ಕೇಸಮ್ಮ" ಎಂದರು. ಒಪ್ಪಿದೆ. ಮಾತ್ರೆ ಕೊಡುವವರಿಗೆ ರೋಗಿ ಯಾರೆಂದು ತಿಳಿಯಬೇಕು. ಆದರೆ ತಿಳಿಯುವುದಕ್ಕೂ ಕೂಗುವುದಕ್ಕೂ ನಡುವೆ ಒಂದು ಹೊಸಿಲಾದರೂ ಬೇಡವೇ? ಟಿ.ಬಿ. ಕಚೇರಿಗೆ ಹೋಗಿ, ನನ್ನ ತಂಗಿಯ ವಿವರ ಯಾರ್ಯಾರು ನೋಡಬಹುದೆಂದು ಕೇಳಿದೆ. ಗುಮಾಸ್ತ "ಕಂಡೋರೆಲ್ಲ ನೋಡಕಾಗಲ್ಲ ಮೇಡಂ" ಎನ್ನುತ್ತ ಎಣಿಸತೊಡಗಿ, ಬೆರಳು ಸಾಲದೆ ಇನ್ನೊಂದು ಕೈ ತೆಗೆದ! ಹಾಗಾದರೆ ನೋಡಿದವರು ಯಾರೆಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಪದ್ಯ ಓದುವವಳಿಗೆ ಅರ್ಜಿ ಬರೆಯಲು ಬಾರದೆಂದು ನಗುತ್ತಿದ್ದೆಯಲ್ಲ? ಮೊನ್ನೆ ಉತ್ತರ ಬಂತು: ಕೇಳಿರುವುದು ಬೇರೊಬ್ಬರ ಖಾಸಗಿ ಮಾಹಿತಿ, ಕೊಡಲು ಬರುವುದಿಲ್ಲ. ನಮ್ಮ ಬಾಗಿಲಲ್ಲಿ ಇಲ್ಲದ ಖಾಸಗಿತನ ಅವರ ಲಕೋಟೆಯೊಳಗೆ ಹುಟ್ಟಿಕೊಂಡಿತ್ತು.

ಬಿಡುವವಳಲ್ಲ ನಾನು. ಮೇಲಿನವರಿಗೆ ದೂರು ಬರೆದಿದ್ದೇನೆ. ಅದಕ್ಕೆ ರೋಗಿಯ ಸಹಿಯೇ ಬೇಕಂತೆ, ಆ ದೂರನ್ನು ಇದರೊಡನೆ ಇಟ್ಟಿದ್ದೇನೆ. ಸಹಿ ಮಾಡಿದರೆ ನಿನ್ನ ಹೆಸರು ಇನ್ನೂ ನಾಲ್ಕು ಮೇಜು ಸುತ್ತುತ್ತದೆ. ಯೋಚಿಸಿ ಮಾಡು, ಇಲ್ಲವೇ ಹರಿದುಹಾಕು, ನನಗೆ ಬೇಸರವಿಲ್ಲ. ಮಾತ್ರೆಯ ವಿಷಯದಲ್ಲಿ ಮಾತ್ರ ಆ ಆಯ್ಕೆ ಕೊಡಲಾರೆ. ಮಾತ್ರೆ ಬಿಟ್ಟರೆ ಅವರ ಪಟ್ಟಿಯಿಂದ ನಿನ್ನ ಹೆಸರು ಹೋಗುವುದಿಲ್ಲ ಭಾನು, ನೀನು ಹೋಗುತ್ತೀಯೆ. ಇಲ್ಲದವಳ ಪರವಾಗಿ ಜಗಳವಾಡಲು ನನ್ನಿಂದಾಗದು.

ಭಾವ ನಿನ್ನನ್ನು ಕೇಳಿದರು. ಯಾಸ್ಮಿನ್‌ಗೂ ಅವಳ ತಾಯಿಗೂ ನನ್ನ ನಮಸ್ಕಾರ ಹೇಳು. ಕೋಪ ಹಾಗೇ ಇರಲಿ, ಮೈ ಮಾತ್ರ ಗುಣವಾಗಲಿ.

ನಿನ್ನ ಅಕ್ಕ,
ಪ್ರತಿಮಾ

ಇಷ್ಟು ಬರೆದೂ ಇದನ್ನು ಬರೆಯಲು ಕೈ ಹಿಂಜರಿಯುತ್ತಿತ್ತು: ಅವತ್ತು ಸಿಟ್ಟಿಗೆ ಕಫ ಕೊಡದೆ, ಬಾಗಿಲಲ್ಲಿ ಕೂಗಿದವನನ್ನು ವಾಪಸ್ ಕಳಿಸಿಬಿಟ್ಟೆ. ತಪ್ಪು ಮಾಡಿದೆ. ಹೋದ ವಾರ ನಾನೇ ಹೋಗಿ ಕೊಟ್ಟುಬಂದೆ. ನನಗೂ ಇದೆ. ಯಾರಾದರೂ ಬಂದು ಕೂಗುವ ಮುಂಚೆ, ಇವತ್ತು ಬೆಳಗ್ಗೆ ಮಾಸ್ಕ್ ಹಾಕಿಕೊಂಡು ಹಾಲಿನ ಡೈರಿ ಮುಂದೆ ನಿಂತು ನಾನೇ ಹೇಳಿದೆ: "ನಂಗೂ ಟಿ.ಬಿ. ಐತೆ ಕಣ್ರಪ್ಪ, ಮಾತ್ರೆ ತಗೋತೀನಿ. ಏನ್ ಕೇಳೋದಿದ್ರೂ ನನ್ನೇ ಕೇಳಿ." ಸಿದ್ದಮ್ಮ "ಅದ್ಕ್ಯಾಕೆ ಇಷ್ಟ್ ಗಟ್ಟಿಯಾಗಿ ಅರಚ್ಕೋತೀಯ?" ಎಂದಳು. ಮೊದಲ ಮಾತ್ರೆ ಮೇಜಿನ ಮೇಲಿದೆ. ನೀನೂ ನಾಳೆಯೇ ಡಾಕ್ಟರನ್ನು ಕಂಡು ಮತ್ತೆ ಶುರುಮಾಡು. ಒಬ್ಬಳೇ ನುಂಗಲು ನನಗೆ ಭಯ ಕಣೆ.