ಕುಬಸದ ದಿನ ಬಿಚ್ಚಿಸಿದ ಕರಿ ಪಟ್ಟಿ

ಮೈಲೂರ, ಬೀದರ
೧೯ ಜನವರಿ ೨೦೨೫

ಚಿ. ಸೌ. ಸಾನಿಕಾಳಿಗೆ ನಿನ್ನ ಅತ್ತೆ ಚಂದ್ರಭಾಗಾಳ ಆಶೀರ್ವಾದ.

ನೀನು ತವರಿಗೆ, ಎಕಂಬಾಕ್ಕೆ ಹೋಗಿ ತಿಂಗಳಾಯಿತು. ಇಷ್ಟು ದಿನ ಬರೆಯದಿದ್ದದ್ದು ನನ್ನ ತಪ್ಪು. ಕೂಸು ಒದೆಯುತ್ತಿದೆಯೇ? ಶೇಂಗಾ ಹೋಳಿಗೆ ಕಳಿಸಿದ್ದೇನೆ, ತಿನ್ನು.

ನಿನ್ನೆ ನಿನ್ನ ಗಂಡ ಅತುಲ ಭಾಲ್ಕಿಯಿಂದ ಓಡಿ ಬಂದ. ಹೆರಿಗೆಯಾದರೂ ನೀನು ತಿರುಗಿ ಬರುವುದಿಲ್ಲವೆಂದು ನಿನ್ನ ಅಣ್ಣ ದಿಲೀಪ ಫೋನ್ ಮಾಡಿದನಂತೆ. ನಿನ್ನ ಸೀಮಂತದ ಕುಬಸಕ್ಕೆ ರಜೆ ಸಿಗದೆ ಅತುಲ ಬರಲಿಲ್ಲವೆಂದು ನೀನು ಮಾತು ಬಿಟ್ಟದ್ದು ನನಗೆ ಗೊತ್ತು. ಅವನು ತನ್ನ ಮುಂಗೈ ಪಟ್ಟಿ ತೋರಿಸಿ ಅತ್ತ.

"ದಿನಾ ಒತ್ತೀನಿ ಅವ್ವಾ. ದಿನಾ ಆಕಿ ಎರಡ್ ಸಲ ತಿರುಗಿ ಒತ್ಯಾಳ. ಎರಡಂದ್ರ ಸಿಟ್ಟಿಲ್ಲ ಅಂತ ನಾವೇ ಮಾತಾಡ್ಕೊಂಡಿದ್ವಿ. ಮತ್ತ ಹಿಂಗ್ಯಾಕ?"

ಸಕ್ಕರೆ ಕಾರ್ಖಾನೆಯ ಬಾಯ್ಲರ್ ಹತ್ತಿರ ಫೋನ್ ಒಯ್ಯುವಂತಿಲ್ಲವೆಂದು ಅವನು ತಂದ, ಒಳಗೇ ಸಿಮ್ ಇರುವ ಜೋಡಿ ಪಟ್ಟಿ ಅದು; ಒಬ್ಬರು ಒತ್ತಿದರೆ ಎಷ್ಟು ದೂರವಿದ್ದರೂ ಇನ್ನೊಬ್ಬರ ಕೈಯಲ್ಲಿ ನಡುಗುತ್ತದೆ. ಕುಬಸದ ದಿನ ಬಳೆ ಇಡಿಸಲು ಬಂದ ಕುಲಸುಮಬೀ ನಿನ್ನ ಕೈ ಹಿಡಿದು, "ನನ್ನ ಬಳಿ ಒಡದ್ರ ಸಪ್ಪಳ ಆಗ್ತದ್ರಿ ಅಕ್ಕಾ, ನಿಮ್ಮ ಸೊಸಿದು ಒಡೀದೇನೇ ಗುಂಯ್ ಅಂತದ!" ಎಂದಳು. ಹೆಂಗಸರೆಲ್ಲ ನಕ್ಕರು. ನನಗೆ ಅವಮಾನವಾಯಿತು.

"ಹಸರ ಬಳಿ ಇಡೋ ಕೈಯಾಗ ಕರೀದು ಬ್ಯಾಡ, ಬಿಚ್ಚು" ಎಂದು ಗದರಿ ಅರಿಶಿನದ ಡಬ್ಬಿಯಲ್ಲಿಟ್ಟೆ. ಆಮೇಲೆ ನೀನು ಕೇಳಿದಾಗ ಕಂಡಿಲ್ಲ ಎಂದೆ. ಸುಳ್ಳು. ಮರುದಿನವೇ ಅದು ಡಬ್ಬಿಯಲ್ಲಿ ನಡುಗಿತು. ಸುಮ್ಮನಾಗಲೆಂದು ಎರಡು ಸಲ ಒತ್ತಿದೆ. ಸುಮ್ಮನಾಯಿತು. ದಿನವೂ ಹಾಗೇ ಮಾಡಿದೆ. ಎರಡಕ್ಕೆ ನಿಮ್ಮಲ್ಲೊಂದು ಅರ್ಥವಿದೆಯೆಂದು ತಿಳಿದದ್ದು ನಿನ್ನೆ.

ಅತುಲನಿಗೆ ಹೇಳಿದೆ. ತಟ್ಟೆ ಬಿಟ್ಟು ಎದ್ದು ಹೋದ. ಬಾಗಿಲಲ್ಲಿ ಇಷ್ಟೇ ಅಂದ: "ಈಗ ಆಕೀನೇ ಒತ್ತಲಿ. ನಾ ಕಾಯ್ತೇನಿ."

ಔರಾದ ಮೇಲೆ ನಿಮ್ಮೂರಿಗೆ ಹೊರಟ ನೆರೆಮನೆಯ ಶಿವರಾಜಪ್ಪನ ಕೈಯಲ್ಲಿ ನಿನ್ನ ಪಟ್ಟಿ ಕಳಿಸಿದ್ದೇನೆ, ಚಾರ್ಜ್ ತುಂಬಿದೆ. ನನ್ನ ಮೇಲಿನ ಸಿಟ್ಟು ನನ್ನ ಮೇಲೆಯೇ ಇರಲಿ. ಅವನದೇನೂ ತಪ್ಪಿಲ್ಲ. ಸುಖವಾಗಿ ಹೆರಿಗೆಯಾಗಲಿ, ತಾಯಿ ಮಗು ನೂರು ವರ್ಷ ಬಾಳಿರಿ.

ನಿನ್ನ ಅತ್ತೆ,
ಚಂದ್ರಭಾಗಾ

ತಾ.ಕ.: ಸುಮ್ಮನಾಗಲೆಂದು ಒತ್ತಿದ್ದು ಮೊದಲ ವಾರ ಮಾತ್ರ. ಆಮೇಲೆ ಅದನ್ನು ಕೈಗೆ ಕಟ್ಟಿಕೊಂಡು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದೆ. ಸಂಕ್ರಾಂತಿಯ ದಿನ ಅತುಲ ನನ್ನ ಫೋನ್ ಎತ್ತಲಿಲ್ಲ. ಆಗ ಮೊದಲು ಒತ್ತಿದವಳು ನಾನೇ. ಕೂಡಲೇ ತಿರುಗಿ ಒತ್ತಿದ. ಇದನ್ನು ಅವನಿಗೆ ಹೇಳಿಲ್ಲ. ನೀನೂ ಹೇಳಬೇಡ.