ಪತ್ರ ತಂದವರಿಗೆ ನೀರು ಕೊಡು

ಕಂಪ್ಲಿ,
ಆಂಗೀರಸ ಸಂವತ್ಸರ, ಆಷಾಢ ಬಹುಳ, ಗುರುವಾರ.
ಇಸವಿ ೧೯೩೨

ಪ್ರೀತಿಯ ತಮ್ಮ ಜಡೆಪ್ಪಾ,

ಮೊದಲು ಈ ಪತ್ರ ತಂದವರಿಗೆ ಒಂದು ಚರಿಗಿ ನೀರು, ಒಂದು ಚೂರು ಬೆಲ್ಲ ಕೊಟ್ಟು ಪಡಸಾಲ್ಯಾಗ ಕುಂದ್ರಿಸು. ಆಮ್ಯಾಲೆ ಓದು. ಈ ಜಡಿಮಳ್ಯಾಗ ಕಂಬಳಿ ಕೊಪ್ಪಿ ಹಾಕ್ಕೊಂಡು, ಹೊಳಿ ದಾಟಿ, ಗಂಗಾವತಿ ತನಕ ಕೆಸರು ತುಳಕೊಂತ ಬಂದಿರ್ತಾರ. ಮಾತು ಕಡಿಮಿ ಮನುಷ್ಯ, ಕೆದಕಿ ಮಾತಾಡಿಸಬ್ಯಾಡ. ನಮ್ಮ ಮದ್ರಾಸ್ ಸರ್ಕಾರದ ಟಪಾಲು ನಿಮ್ಮ ನಿಜಾಮನ ಸೀಮಿಗೆ ಮುಟ್ಟೋದ್ರಾಗ ಪಂಚಮಿ ಮುಗಿದು ದಸರಾ ಬಂದಿರ್ತೈತಿ, ಅದಕ್ಕ ಕೈಯಾಗ ಕೊಟ್ಟು ಕಳಿಸೀನಿ.

ನೀನು ಹೆಂಗ ಅದಿಯಪ್ಪಾ? ಎದಿ ಉರಿ ಕಡಿಮಿ ಆತೇನು? ಖಾರ ಬಿಡು, ಮಜ್ಜಿಗಿ ಕುಡಿ ಅಂತ ಎಷ್ಟು ಸಲ ಹೇಳಿಲ್ಲ! ಹೇಳಿದ್ದು ಕೇಳಿದ್ರ ನೀನು ಜಡೆಪ್ಪ ಹೆಂಗ ಆಗ್ತಿದ್ದಿ? ನಿನ್ನ ಹೆಂಡ್ತಿ ಮರುಳಸಿದ್ದಮ್ಮಗ ಕಾಲು ಬಾವು ಇಳದೈತೋ ಇಲ್ಲೋ? ಬಿಸಿನೀರಾಗ ಉಪ್ಪು ಹಾಕಿ ಕಾಲಿಟ್ಟು ಕುಂದ್ರು ಅಂತ ಹೇಳು. ನಾನು ಆರಾಮ ಅದೀನಿ. ಕಾಲುವಿಗೆ ನೀರು ಬಂದೈತಿ, ನಾಟಿ ಶುರುವಾಗೇತಿ, ಆಳು ಸಿಗವಲ್ರು. ಹೊಳಿ ಎರಡೂ ದಂಡಿ ತುಂಬಿ ಹರಿಯಾಕ ಹತ್ತೇತಿ. ಹಿತ್ತಲಾಗ ನಿಂತ್ರ ಅದರ ಸದ್ದು ಕೇಳ್ತೈತಿ. ಆ ಸದ್ದು ಕೇಳಿದ್ರ ಇನ್ನೂ ಹಿತ್ತಲ ಬಾಗಿಲು ಹಾಕ್ಕೊಂಡು ಒಳಗ ಬರ್ತೀನಿ.

ನನ್ನ ಅಕ್ಷರ ನೋಡಿ ನಗಬ್ಯಾಡ. ಇವು ನೀನು ತಿದ್ದಿಸಿದ ಅಕ್ಷರ. ಮಲಪನಗುಡಿ ಬಾವಿ ಮೆಟ್ಟಿಲ ಮ್ಯಾಲೆ ಮರಳು ಹರವಿ, ಐಗಳ ಮಠದಾಗ ನೀನು ಕಲಿತದ್ದನ್ನ ನನ್ನ ಬೆರಳು ಹಿಡಿದು ಕಲಿಸ್ತಿದ್ದಿ. ಉಳಿದ ಹುಡುಗರೆಲ್ಲ ದುಡುಂ ಅಂತ ಬಾವ್ಯಾಗ ಜಿಗಿದ್ರ ನೀನು ಮಾತ್ರ ಕೆಳಗಿನ ಮೆಟ್ಟಿಲಿಗೂ ಇಳೀತಿರಲಿಲ್ಲ. ಸೊಂಟಕ್ಕ ಸೋರಿಬುರುಡಿ ಕಟ್ಟಿ ನಾನು ಎಷ್ಟು ರಮಿಸಿದ್ರೂ ನಿನಗ ಈಜು ಬರಲೇ ಇಲ್ಲ. ಯಾರರ ನಕ್ರ ನಾನು ಅವರ ಮ್ಯಾಲೆ ಜಗಳಕ್ಕ ಹೋಗ್ತಿದ್ದೆ. ನನಗ ಮಕ್ಕಳಾಗಲಿಲ್ಲ, ಆದ್ರ ನನ್ನ ತಮ್ಮ ಅದಾನ ಅನ್ನೋ ಧೈರ್ಯ ಒಂದಿತ್ತು. ಅದನ್ನ ಬರೀಬೇಕು ಅನ್ನಿಸ್ತು, ಬರದೆ.

ಈಗ ಮನಿ ಸುದ್ದಿ. ನಮ್ಮ ಭಾವನವ್ರು ವಿರುಪಾಕ್ಷಪ್ಪನವ್ರ ತಲಿ ತಿಳಿಯಾಗ್ತಾ ಬಂದೈತಿ. ನಿನಗ ಗೊತ್ತಿದ್ದದ್ದನ್ನೇ ಮತ್ತ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ, ಎರಡು ವರ್ಷದಿಂದ ಇದನ್ನೇ ಹೇಳಿ ಹೇಳಿ ನನಗ ರೂಢಿಯಾಗೇತಿ. ಭಾವನವ್ರು, ನನ್ನ ಗಂಡ, ಅಣ್ಣ ತಮ್ಮ ಇಬ್ಬರೂ ನಿಮ್ಮ ಕಡೆ ದಂಡಿಗೆ ಹೋಗಿದ್ರು. ತಿರುಗಿ ಬರುವಾಗ ಹರಿಗೋಲಿಗೆ ಹುಟ್ಟು ಹಾಕಿದವರು ಭಾವನವ್ರು. ನಡು ಹೊಳ್ಯಾಗ ತಮ್ಮನ್ನ ನೀರಿಗೆ ನೂಕಿದ್ರು, ಹೊಲ ಮನಿ ಎಲ್ಲ ತನಗೊಬ್ಬಗ ಆಗ್ಲಿ ಅಂತ. ಇದನ್ನ ಆಚಿ ದಂಡಿ ಮ್ಯಾಲೆ ನಿಂತು ಕಣ್ಣಾರೆ ನೋಡಿದವ ನೀನು. ಹರಿಗೋಲು ಮಗುಚಿ ಅವರ ತಲಿ ಬಂಡೆಗಲ್ಲಿಗೆ ಬಡೀತು, ದೇವರು ಅಲ್ಲೇ ಕೂಲಿ ಕೊಟ್ಟ ಅಂತ ನೀನೇ ಪೊಲೀಸರ ಮುಂದೆ ಹೇಳಿದಿ. ನನ್ನ ಗಂಡನ, ನಿನ್ನ ಮಾವನ ಹೆಣ ಕೆಳಗಿನ ಮಡುವಿನಾಗ ಸಿಕ್ತು. ಭಾವನವ್ರು ಬಂಡೆಗಲ್ಲಿನ ಸಂದಿನಾಗ ಜೀವಂತ ಸಿಕ್ರು, ಆದ್ರ ತಲಿ ಒಳಗೆ ಏನೂ ಉಳಿದಿರಲಿಲ್ಲ. ತಮ್ಮ ಹೆಸರು ಗೊತ್ತಿಲ್ಲ, ನಿನ್ನೆ ಉಂಡದ್ದು ಇವತ್ತು ಗೊತ್ತಿಲ್ಲ. ಹೊಸಪೇಟಿ ಡಾಕ್ಟರು ನೋಡಿ, ನೆನಪು ಬಂದ್ರೂ ಬಂದೀತು, ಬರದಿದ್ರೂ ಇಲ್ಲ ಅಂದ್ರು. ಹುಚ್ಚನ್ನ ಹಿಡಿದು ಏನು ಮಾಡೋದು ಅಂತ ಪೊಲೀಸರು ನನ್ನ ಪಡಸಾಲ್ಯಾಗೇ ಬಿಟ್ಟು ಹೋದ್ರು. ಗಂಡನ್ನ ಕೊಂದವನಿಗೆ ನಾನೇ ರೊಟ್ಟಿ ಬಡಿಬೇಕಾತು. ಎಂಥಾ ಹಣೆಬರಹ ನೋಡು!

ಆಗ ನಾನು ಒಂದು ಸೇಡು ಹಿಡಿದೆ. ನಿನಗೂ ಹೇಳಿಲ್ಲ. ಭಾವನವ್ರ ಎದುರಿಗೆ ನಿಲ್ಲೋ ರೂಢಿ ನಮ್ಮಲ್ಲಿಲ್ಲ, ಅದಕ್ಕ ದಿನಾ ಮುಂಜಾನೆ ಅವರ ಪೂಜಿ ಸಾಮಾನು, ಪತ್ರಿ, ವಿಭೂತಿ ಹೊಸ್ತಿಲ ಮ್ಯಾಲಿಟ್ಟು, ಬಾಗಿಲ ಮರಿಗೆ ನಿಂತು, "ನಿಮ್ಮ ತಮ್ಮನ್ನ ನೀವೇ ಹೊಳಿಗೆ ನೂಕಿ ಕೊಂದ್ರಿ" ಅಂತ ಹೇಳ್ತಿದ್ದೆ. ಆ ಮನುಷ್ಯ ದಿನಾ ಹೊಸದಾಗಿ ಕೇಳ್ತಿದ್ರು. "ಹೌದೇನವ್ವಾ? ನನಗ ತಮ್ಮ ಇದ್ದನೇನು? ನಾನು ಕೊಂದೆನೇನು?" ಅಂತ ಎದಿ ಎದಿ ಬಡಕೊಂಡು ಅಳ್ತಿದ್ರು. ಮಧ್ಯಾಹ್ನದ ಹೊತ್ತಿಗೆ ಮರೀತಿದ್ರು. ಮರುದಿನ ನಾನು ಮತ್ತ ಹೇಳ್ತಿದ್ದೆ. ಅವರು ಅಳೋ ಸದ್ದು ಕೇಳಿದ ಮ್ಯಾಲೇ ನನ್ನ ಗಂಟಲಾಗ ತುತ್ತು ಇಳೀತಿತ್ತು. ಹೇಳಾಕ ನಾಚಿಕಿ ಇಲ್ಲ ನನಗ, ಆ ಉರಿ ಅಂಥಾದ್ದು.

ನೀನು ಶಿವರಾತ್ರಿಗೆ ಬಂದಾಗ ಪುಡಿ ಪೊಟ್ಟಣ ಕೊಟ್ಟು, "ಹಾವಿಗೆ ಹಾಲು ಎಷ್ಟು ದಿನ ಎರೀತಿ ಅಕ್ಕಾ? ಬೆಲ್ಲದಾಗ ಕಲಸಿ ಕೊಡು, ಹುಚ್ಚ ಸತ್ರ ಯಾರೂ ಕೇಳಾಂಗಿಲ್ಲ" ಅಂದಿ. ನಾನು ಒಲ್ಲೆ ಅನ್ನಲಿಲ್ಲ. ಒಂದೇ ಮಾತು ಹೇಳಿದ್ದೆ, ನೆನಪೈತೇನು? ತಾನು ಮಾಡಿದ್ದು ತನಗ ನೆನಪಾಗಲಿ, ಆಮ್ಯಾಲೆ ಕೊಡ್ತೀನಿ. ಯಾಕ ಸಾಯ್ತೀನಿ ಅಂತ ಗೊತ್ತಿಲ್ಲದವನ್ನ ಕೊಂದ್ರ ಕುರಿ ಕೊಯ್ದಂಗ ಆತು, ಸೇಡು ಹೆಂಗ ಆತು? ಆಗ ನಿನ್ನ ಮುಖ ಸಪ್ಪಗಾತು. ಅಕ್ಕನ ಮ್ಯಾಲಿನ ಕಾಳಜಿ ಅಂದ್ಕೊಂಡೆ. ಆಮ್ಯಾಲೆ ಅವರಿಗೆ ಸ್ವಲ್ಪ ವಾಸಿ ಅಂತ ಹೇಳಿ ಕಳಿಸಿದಾಗೆಲ್ಲ ನಿನ್ನಿಂದ ಒಂದೇ ಉತ್ತರ, ಜಲ್ದಿ ಮುಗಿಸು, ಜಲ್ದಿ ಮುಗಿಸು. ಅದನ್ನೂ ಕಾಳಜಿ ಅಂದ್ಕೊಂಡೆ. ನಾನು ಎಂಥಾ ದಡ್ಡಿ!

ನೆನಪು ತರಬೇಕು ಅಂತ ನಾನು ಹಠಕ್ಕ ಬಿದ್ದೆ. ಅವರ ಹಳೇ ಹುಟ್ಟು ಅಟ್ಟದ ಮ್ಯಾಲಿಂದ ಇಳಿಸಿ ಹೊಸ್ತಿಲಿಗೆ ಇಟ್ಟೆ. ತಲಿ ಮರೆತಿತ್ತು, ಕೈ ಮರೆತಿರಲಿಲ್ಲ. ಹಿಡಿದ ಕೂಡಲೇ ತೂಗಿ ನೋಡಿ, "ಇದು ಒಣಗೇತವ್ವಾ, ಎಣ್ಣಿ ಕೊಡು" ಅಂದ್ರು. ಎಣ್ಣಿ ಹಚ್ಚಿದ್ರು. ಆಮ್ಯಾಲೆ ಹರಿಗೋಲಿನ ತೊಗಲು ಬಿಟ್ಟ ಕಡೆ ತಾವೇ ಹೊಲಿದು ಡಾಂಬರು ಬಳದ್ರು. ದಿನಾ ದಂಡಿಗೆ ಹೋಗಿ ಕುಂದ್ರಾಕ ಹತ್ತಿದ್ರು. ನಿನ್ನೆ ಉಂಡದ್ದು ನೆನಪಿಡಾಕ ಸುರು ಮಾಡಿದ್ರು. ನಾನು ಪೊಟ್ಟಣ ಒಲಿ ಹಿಂದಿನ ಗೂಡಿನಾಗ ಇಟ್ಟುಕೊಂಡು ಕಾಯ್ತಿದ್ದೆ.

ಹೋದ ಸೋಮವಾರ ಪಡಸಾಲಿ ಸೋರಾಕ ಹತ್ತಿ ಅವರು ಪೂಜಿಗೆ ಅಡಿಗಿಮನಿ ಮಗ್ಗಲಿಗೆ ಬಂದು ಕುಂತ್ರು. ಎರಡು ವರ್ಷದಾಗ ನಾನು ಅವರ ಪೂಜಿ ನೋಡಿದ್ದು ಅವತ್ತೇ ಮೊದಲು. ಇನ್ನೊಬ್ಬರ ಲಿಂಗ ಮುಟ್ಟಬಾರದು, ಇನ್ನೊಬ್ಬರ ಲಿಂಗದ ವಸ್ತ್ರ ಬಿಚ್ಚಬಾರದು, ಅದಕ್ಕ ಹೊಳಿಯಿಂದ ಎತ್ತಿ ತಂದವರೂ ಅವರ ಕೊಳ್ಳಾಗಿನದಕ್ಕ ಕೈ ಹಚ್ಚಿರಲಿಲ್ಲ. ಅವರು ವಸ್ತ್ರ ಬಿಚ್ಚಿ ಎಡಗೈ ಅಂಗೈ ಮ್ಯಾಲೆ ಲಿಂಗ ಇಟ್ಟು ಪತ್ರಿ ಏರಿಸಿದ್ರು. ಆಮ್ಯಾಲೆ ಅದೇ ವಸ್ತ್ರದಿಂದ ಇನ್ನೊಂದು ಲಿಂಗ ತಗದು ಅದರ ಮಗ್ಗಲಿಗೆ ಇಟ್ಟು ಅದಕ್ಕೂ ಪತ್ರಿ ಏರಿಸಿದ್ರು. ಒಂದು ಮಗ್ಗಲು ಮ್ಯಾಲಿನ ಕರಿ ಕಂತಿ ಸೀಳಿದ ಲಿಂಗ. ಹದಿನಾರು ವರ್ಷ ಪೂಜಿಗೆ ಅಣಿ ಮಾಡಿಕೊಟ್ಟಾಕಿಗೆ ಗುರುತು ಸಿಗಲ್ಲೇನು? ಅದು ನಿನ್ನ ಮಾವಂದು.

ಮೊದಲ ಸಲ ಅವರ ಎದುರಿಗೆ ಹೋಗಿ ನಿಂತೆ. "ಇದು ಯಾರದ್ರೀ?" ಅಂದೆ. "ತಮ್ಮಂದವ್ವಾ" ಅಂದ್ರು. "ಕೊಳ್ಳಾಗಿಂದ ಹಿಡಿದೆ. ದಾರ ಹರಿದು ಇದು ಕೈಗೆ ಬಂತು. ಅವ ಹೋದ." ಅಷ್ಟಂದು ಎದ್ದು ನಿಂತು, ಗೋಡಿ ಕಡೆ ಕೈ ಚಾಚಿ ಒದರಿದ್ರು, "ಹುಟ್ಟು ಚಾಚೋ! ನಾನು ಹಿಡಕೊಂಡೀನಿ, ಹುಟ್ಟು ಚಾಚೋ! ಹೊಡೀಬ್ಯಾಡೋ!" ಆಮ್ಯಾಲೆ ಎರಡೂ ಕೈಯಾಗ ತಲಿ ಮುಚ್ಚಿಕೊಂಡು ಕುಸಿದ್ರು. ನೂಕಿದವರು ಯಾರರ ಹಂಗ ಒದರ್ತಾರೇನು ತಮ್ಮಾ? ಕೊಂದವರು ಸತ್ತವನ ಲಿಂಗಕ್ಕ ದಿನಾ ಪತ್ರಿ ಏರಿಸ್ತಾರೇನು? ಹರಿಗೋಲಿನಾಗ ಮೂರನೆಯವ ಒಬ್ಬ ಇದ್ದ, ಹುಟ್ಟು ಅವನ ಕೈಯಾಗಿತ್ತು. ಅವನ ಮುಖ ಅವತ್ತು ಅವರಿಗೆ ನೆನಪಾಗಲಿಲ್ಲ.

ಅವರಿಗೆ ಆಗಲಿಲ್ಲ, ನನಗ ಆತು. ಶಿವರಾತ್ರಿ ದಿನ ಫಳಾರ ಮಾಡಿಕೊಂತ ನೀನು ಅಂದ ಮಾತು. "ಮಾವನ ಶಿವದಾರ ಹರದು ಲಿಂಗ ಕಿತ್ತುಕೊಂಡ ಪಾಪಿ, ಅವಗ ನೀನು ಪತ್ರಿ ಕೊಡ್ತೀಯಲ್ಲ!" ನಿನ್ನ ಮಾವನ ಹೆಣದ ಕೊಳ್ಳಾಗ ಲಿಂಗ ಇರಲಿಲ್ಲ ಅನ್ನೋದು ಮೈ ತೊಳೆದ ನನಗ ಗೊತ್ತು, ಮಠದ ಕೊಟ್ರಯ್ಯನವ್ರಿಗೆ ಗೊತ್ತು. ಲಿಂಗ ಇಲ್ಲದ ಹೆಣ ಅಂತ ಊರು ಆಡಿಕೊಂಡೀತು ಅಂತ ಹೆದರಿ ಅಯ್ಯನವ್ರು ಗುಟ್ಟಿನಾಗ ಬ್ಯಾರೆ ಲಿಂಗ ಅಂಗೈಗೆ ಇಟ್ಟು ಮಣ್ಣು ಕೊಟ್ರು. ಅವರು ಹೋದ ವರ್ಷ ಲಿಂಗೈಕ್ಯರಾದ್ರು. ನಿನಗ ಯಾರು ಹೇಳಿದ್ರು? ಆಚಿ ದಂಡಿ ಮ್ಯಾಲೆ ನಿಂತವನಿಗೆ ನಡು ಹೊಳ್ಯಾಗಿನ ಶಿವದಾರ ಕಾಣ್ತೈತೇನೋ ಜಡೆಪ್ಪಾ? ನಿನ್ನ ಕಣ್ಣು ಅಷ್ಟು ಚುರುಕು ಯಾವಾಗ ಆತಪ್ಪಾ? ನಿನ್ನ ಮಾವ ಹೋದಾಗಿನಿಂದ ನೀರು ಮೊಣಕಾಲುದ್ದ ಇದ್ದಾಗ ಅಷ್ಟೇ ಈ ದಂಡಿಗೆ ಬರ್ತಿ, ಹರಿಗೋಲು ಹತ್ತೋದಿಲ್ಲ. ಅದು ಯಾಕ ಅಂತ ನಾನು ಕೇಳಲೇ ಇಲ್ಲ.

ಯಾಕ ಮಾಡಿದಿ ಅನ್ನೋದೂ ನನಗ ತಿಳೀತು. ನಿನ್ನ ಮಾವ ಎರಡನೇ ಹೆಣ್ಣು ನೋಡಾಕ ಆ ದಂಡಿಗೆ ಬಂದಾನ, ನಮ್ಮ ಅಕ್ಕನ್ನ ಮೂಲಿಗೆ ಹಾಕ್ತಾನ ಅಂತ ನಿನಗ ಸುದ್ದಿ ಹತ್ತಿರಬೇಕು. ನಾನೂ ಈ ದಂಡಿಗೆ ಬರ್ತೀನಿ ಅಂತ ಹರಿಗೋಲು ಹತ್ತಿರಬೇಕು, ಮಾತಿಗೆ ಮಾತು ಬೆಳೆದು ನೀನು ನೂಕಿರಬೇಕು. ನಿನ್ನ ಸಿಟ್ಟು ನನಗ ಗೊತ್ತಿಲ್ಲೇನು? ನನ್ನ ಸಲುವಾಗಿ ಮಾಡಿದಿ. ಕೇಳು ಹಂಗಾದ್ರ. ಆ ಹೆಣ್ಣನ್ನ ಹುಡುಕಿದಾಕಿ ನಾನು. ಅವರು ಒಲ್ಲೆ ಒಲ್ಲೆ ಅಂದ್ರೂ, ಈ ಮನಿಗೆ ಒಂದು ಕೂಸು ಬೇಕು ಅಂತ ಕಾಲು ಹಿಡಿದು ಒಪ್ಪಿಸಿದಾಕಿ ನಾನು. ಇಳಕಲ್ ಸೀರಿ, ಎಲಿ ಅಡಿಕಿ, ಅರಿಷಿಣ ಕುಂಕುಮ ನನ್ನ ಕೈಯಾರೆ ಗಂಟು ಕಟ್ಟಿ ಕಳಿಸಿದ್ದೆ. ಕೊಡದೆ ತಿರುಗಿ ತಂದ ಗಂಟು ಹರಿಗೋಲಿನಾಗೇ ಇತ್ತಂತ, ಭಾವನವ್ರು ಹೇಳಿದ್ರು. ಬಿಚ್ಚಿ ನೋಡಿದ್ರ ನನ್ನ ಸೀರಿ ನಿನಗ ಗುರುತು ಸಿಗ್ತಿತ್ತು. ಒಂದು ಮಾತು ನನ್ನ ಕೇಳಬಾರದಾಗಿತ್ತೇನೋ?

ಸಿಟ್ಟಿನಾಗ ಕೈ ಬಿತ್ತು ಅಂದ್ರ ಅಳ್ತಿದ್ದೆ, ಬಡಕೊಳ್ತಿದ್ದೆ, ಆದ್ರೂ ತಮ್ಮ ಅಂತಿದ್ದೆ. ಆದ್ರ ಹುಟ್ಟು ಚಾಚು ಅಂದವನ ತಲಿ ಮ್ಯಾಲೆ ಅದೇ ಹುಟ್ಟು ಇಳಿಸಿದಿ. ಆಮ್ಯಾಲೆ ಅವನ ಮ್ಯಾಲೇ ಕೊಲಿ ಹೊರಿಸಿದಿ. ಎರಡು ವರ್ಷ ನನ್ನ ಬಾಯಿಂದ ದಿನಾ ಅವರನ್ನ ಕೊಲ್ಲಿಸಿದಿ. ಕಡಿಗೆ ನನ್ನ ಕೈಯಿಂದ ವಿಷ ಹಾಕಿಸಾಕ ಬಂದಿ. ನಾನು ಮೂರು ದಿನದಿಂದ ಅವರ ಕಾಲು ಹಿಡಿದು ಅಳಾಕ ಹತ್ತೀನಿ. ಅವರು, "ಅಳಬ್ಯಾಡವ್ವಾ, ನೀನು ಏನು ಅಂದಿ ನನಗ ನೆನಪಿಲ್ಲ" ಅಂತಾರ. ಅದೊಂದು ಮಾತು ನನ್ನ ಕರುಳು ಕತ್ತರಿಸೇತಿ.

ಮರುಳಸಿದ್ದಮ್ಮಗ ಮುತ್ತೈದಿತನ ಗಟ್ಟಿಯಾಗಿರಲಿ ಅಂತ ಬರಿಯಾಕ ಹೋಗಿ ಕೈ ನಿಂತಿತು. ಆಕಿ ತಪ್ಪಿಲ್ಲ, ಆಕಿಗೆ ನನ್ನ ಆಶೀರ್ವಾದ. ಮಕ್ಕಳಿಗೆ ಶೇಂಗಾ ಉಂಡಿ ಕಳಿಸೀನಿ, ಹೆದರದೆ ತಿನ್ನಿಸು, ನಾನು ನೀನಲ್ಲ. ನಿನಗ ಏನು ಬರೀಬೇಕೋ ತಿಳೀವಲ್ದು. ಖಾರ ಕಡಿಮಿ ತಿನ್ನು.

ಇಂತಿ, ನೀನು ಅಕ್ಷರ ಕಲಿಸಿದ ಅಕ್ಕ,
ಕೊಟ್ರಬಸಮ್ಮ

ತಾ. ಕ. — ಅವಸರದಾಗ ಬರೀತೀನಿ, ಹರಿಗೋಲು ನೀರಿಗೆ ಇಟ್ಟಾರ. ಮೂರನೆಯವನ ಮುಖ ಭಾವನವ್ರಿಗೆ ಇವತ್ತು ಮುಂಜಾನೆ ನೆನಪಾತು. ಹೆಸರು ನನಗ ಹೇಳಲಿಲ್ಲ, ನಾನೂ ಕೇಳಲಿಲ್ಲ. "ನಾನೇ ಹೋಗಿ ಕರಕೊಂಡು ಬರ್ತೀನವ್ವಾ, ಊರ ಹಿರೇರ, ದೈವದವರ ಮುಂದೆ ಅವನೇ ಹೇಳಲಿ" ಅಂದು ಹುಟ್ಟು ಹೆಗಲಿಗೆ ಇಟ್ರು. ಪಂಚಮಿಗೆ ತಮ್ಮ ಬಂದು ಅಕ್ಕನ್ನ ಕರೀಬೇಕು, ಈ ಸಲ ನಿನ್ನ ಕರಿಯಾಕ ಅವರು ಬಂದಾರ. ನೀನು ಕೊಟ್ಟ ಪುಡಿ ಪೊಟ್ಟಣ ಬಿಚ್ಚಿಲ್ಲ, ಅದನ್ನೂ ಅವರ ಕೈಯಾಗೇ ಕೊಟ್ಟೀನಿ, ಏನು ಅಂತ ಅವರಿಗೆ ಹೇಳೀನಿ. ನೀರು ಕೊಟ್ಟಿಯೋ ಇಲ್ಲೋ? ತಲಿ ಎತ್ತಿ ನೋಡು ತಮ್ಮಾ, ಇಷ್ಟೊತ್ತಿಗೆ ಕಂಬಳಿ ಕೊಪ್ಪಿ ತಗದಿರ್ತಾರ.